ಬಾಟಲಿ ಬದಿಗಿಡಿ, ಮೊದಲು ಉಸಿರು ಎಣಿಸಿ

ಪ್ರಶ್ನೆ: ನಮ್ಮ ಮನೆಯಲ್ಲಿ 250 ಲೀಟರಿನ ಮರೈನ್ ಟ್ಯಾಂಕ್ ಇದೆ. ಎರಡು ವರ್ಷದಿಂದ ಒಂದು ಜೋಡಿ ಕ್ಲೌನ್ ಫಿಶ್, ಎರಡು ಕ್ಲೀನರ್ ಸಿಗಡಿ, ಒಂದಿಷ್ಟು ಮೆತ್ತನೆಯ ಹವಳ, ಎಲ್ಲವೂ ಚೆನ್ನಾಗಿಯೇ ಇದ್ದವು. ಮಗಳು ಹಟ ಹಿಡಿದಳೆಂದು ಹೋದ ತಿಂಗಳು ಒಂದು ಬ್ಲೂ ಟ್ಯಾಂಗ್ ತಂದು ಬಿಟ್ಟೆ. ಹತ್ತು ದಿನದ ಮೇಲೆ ಅದರ ಮೈಮೇಲೆ ನಾಲ್ಕಾರು ಬಿಳಿ ಚುಕ್ಕೆ ಕಂಡವು. ಆಹಾರವನ್ನು ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಕೊಟ್ಟೆ. ಮೂರ್ನಾಲ್ಕು ದಿನಕ್ಕೆ ಚುಕ್ಕೆ ಪೂರ್ತಿ ಹೋದವು. ವಾಸಿಯಾಯಿತು ಅಂದುಕೊಂಡೆ. ಒಂದು ವಾರ ಕಳೆದು ಈಗ ಮೈ, ರೆಕ್ಕೆ, ಎಲ್ಲ ಕಡೆ ಚುಕ್ಕೆ. ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತದೆ. ಒಮ್ಮೊಮ್ಮೆ ಕಲ್ಲಿನ ಸಂದಿಯಲ್ಲಿ ಮಗ್ಗುಲಾಗಿ ಮಲಗಿಬಿಡುತ್ತದೆ. ಕ್ಲೌನ್‌ಗಳ ಮೈಮೇಲೆ ಏನೂ ಇಲ್ಲ, ಆದರೆ ದೊಡ್ಡದು ನಿನ್ನೆಯಿಂದ ಜೋರಾಗಿ ಉಸಿರಾಡುತ್ತಿದೆ. ಅಂಗಡಿಯವರು ನೀಲಿ ಔಷಧದ ಬಾಟಲಿ ಕೊಟ್ಟು, ‘ವೈಟ್ ಸ್ಪಾಟು ಸಾರ್, ದಿನಕ್ಕೆ ಹತ್ತು ಹನಿ ಟ್ಯಾಂಕಿಗೇ ಹಾಕಿ’ ಎಂದರು. ನಮ್ಮಮ್ಮ ಕಲ್ಲುಪ್ಪು ಹಾಕು ಎನ್ನುತ್ತಾರೆ. ಇದು ಯಾವ ಕಾಯಿಲೆ? ಯಾವುದನ್ನು ಹಾಕಲಿ? ಮೀನು ಬದುಕುತ್ತಾ ಎಂದು ಮಗಳು ದಿನಾ ಕೇಳುತ್ತಾಳೆ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

— ಒಬ್ಬ ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಬಾಟಲಿಯ ಮುಚ್ಚಳ ಇನ್ನೂ ತೆಗೆದಿಲ್ಲ ತಾನೆ? ಹಾಗಾದರೆ ಅದನ್ನು ಮಗಳ ಕೈಗೆ ಸಿಗದ ಕಡೆ ಎತ್ತಿಡಿ. ಔಷಧ ನೀಲಿ ಎಂದಿದ್ದೀರಿ, ಹೆಸರು ಬರೆದಿಲ್ಲ. ನೀಲಿ ಎಂದರೆ ತಾಮ್ರದ ಔಷಧವಿರಬಹುದು, ಮಿಥಿಲೀನ್ ಬ್ಲೂ ಇರಬಹುದು. ಎರಡರಲ್ಲಿ ಯಾವುದನ್ನೂ ನಿಮ್ಮ ಟ್ಯಾಂಕಿಗೆ ಸುರಿಯುವಂತಿಲ್ಲ. ತಾಮ್ರ ಸಿಗಡಿಗೂ ವಿಷ, ಹವಳಕ್ಕೂ ವಿಷ. ಸಾಲದ್ದಕ್ಕೆ, ಲೈವ್ ರಾಕ್ ಮತ್ತು ಹವಳದ ಮರಳಿನಲ್ಲಿ ಇರುವುದೆಲ್ಲ ಸುಣ್ಣ. ಅದು ತಾಮ್ರವನ್ನು ಹೀರಿಕೊಳ್ಳುತ್ತದೆ. ಹಾಕಿದ ಔಷಧ ಮೀನಿಗೆ ಸಾಕಾಗುವಷ್ಟು ನೀರಿನಲ್ಲಿ ನಿಲ್ಲುವುದಿಲ್ಲ, ಕಲ್ಲಿಗೆ ಸೇರಿದ್ದು ಆಮೇಲೆ ಯಾವಾಗಲೋ ನೀರಿಗೆ ಬಿಟ್ಟುಕೊಂಡು ಹೊಸದಾಗಿ ತಂದ ಸಿಗಡಿಯನ್ನೂ ಕೊಲ್ಲಬಹುದು. ಮಿಥಿಲೀನ್ ಬ್ಲೂ ಹಾಕಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅಮೋನಿಯ ಏರುತ್ತದೆ. ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಗೋಲ್ಡ್ ಫಿಶ್ ಸಾಕುವವರು. ಸಿಹಿನೀರಿನಲ್ಲೂ ವೈಟ್ ಸ್ಪಾಟ್ ಬರುತ್ತದೆ; ಅದನ್ನು ತರುವ ಜೀವಿ ಬೇರೆ, ಅದರ ಮದ್ದು ಬೇರೆ.

ಅಮ್ಮನವರ ಕಲ್ಲುಪ್ಪಿನ ಮಾತೂ ಆ ಸಿಹಿನೀರಿನ ಲೋಕದ್ದೇ. ಅಲ್ಲಿ ಅದು ಒಳ್ಳೆಯ ಸಲಹೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಮೊದಲೇ ಇದೆ, ಅದರಲ್ಲೇ ಹುಟ್ಟಿ ಬೆಳೆದ ಪರಾವಲಂಬಿಗೆ ಇನ್ನೊಂದು ಹಿಡಿ ಉಪ್ಪು ಯಾವ ಲೆಕ್ಕ? ನಿಮ್ಮ ಮೀನಿಗೆ ಉಪ್ಪಿನಿಂದ ಉಪಕಾರವಾಗಬೇಕಾದರೆ ಅದನ್ನು ಇಳಿಸಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಯಾವ ಔಷಧ ಎನ್ನುವ ಮೊದಲು ಯಾವ ಕಾಯಿಲೆ ಎಂದು ಗೊತ್ತಾಗಬೇಕು. ಬಿಳಿ ಚುಕ್ಕೆಯೊಂದನ್ನೇ ನೋಡಿ ಹೇಳಿದರೆ ಎಡವುತ್ತೇವೆ. ನೀರು, ಉಸಿರು, ಮೈ ಮತ್ತು ಯಾವುದು ಯಾವ ದಿನ ಕಂಡಿತು ಎಂಬ ಲೆಕ್ಕ, ಇವನ್ನು ಒಟ್ಟಿಗೆ ಇಟ್ಟು ನೋಡಬೇಕು. ನಿಮ್ಮ ಪತ್ರದಲ್ಲಿ ದಿನಗಳ ಲೆಕ್ಕ ಚೆನ್ನಾಗಿದೆ, ಅದೇ ನನಗೆ ಹೆಚ್ಚು ನೆರವಾಗಿದ್ದು. ನೀರಿನ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ.

ಹಾಗಾಗಿ ಇವತ್ತೇ ನೀರು ಪರೀಕ್ಷಿಸಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಪಿಎಚ್ 8.1ರಿಂದ 8.4, ಉಷ್ಣತೆ 25–27 ಡಿಗ್ರಿ, ಸಾಂದ್ರತೆ 1.025ರ ಆಸುಪಾಸು. ಮುಳ್ಳು ಏಳುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಇಟ್ಟುಕೊಂಡಿದ್ದರೆ ಮುಳ್ಳಿಗೆ ಅಂಟಿದ ಗುಳ್ಳೆಗಳನ್ನು ತಟ್ಟಿ ಬಿಡಿಸಿ ನೋಡಿ. ಗುಳ್ಳೆ ಮುಳ್ಳನ್ನು ಮೇಲೆತ್ತಿ ಇಲ್ಲದ ಉಪ್ಪನ್ನು ತೋರಿಸುತ್ತದೆ. ರಿಫ್ರಾಕ್ಟೋಮೀಟರ್ ಕೊಳ್ಳುವುದಾದರೆ ಇದೇ ಸಮಯ, ಚಿಕಿತ್ಸೆಗೂ ಬೇಕಾಗುತ್ತದೆ. ಆವಿಯಾದ ನೀರಿನ ಬದಲು ಉಪ್ಪುನೀರು ತುಂಬುವವರು ಬಹಳ ಜನ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಅದಕ್ಕೆ ಬರೀ ಆರ್‌ಓ ನೀರು ಸೇರಿಸಿದರೆ ಸಾಕು.

ನೀರು ಕೆಟ್ಟರೆ ಸಾಮಾನ್ಯವಾಗಿ ಟ್ಯಾಂಕಿನ ಎಲ್ಲ ಮೀನೂ ಒಂದೇ ಹೊತ್ತಿಗೆ ಏದುಸಿರು ಬಿಡುತ್ತವೆ. ಹೊಸದಾಗಿ ಬಂದದ್ದಕ್ಕೆ ಮೊದಲು, ದಿನ ಬಿಟ್ಟು ಇನ್ನೊಂದಕ್ಕೆ ಎಂದಾದರೆ ಅಂಟುರೋಗದ ನಡೆ. ನಿಮ್ಮಲ್ಲಿ ಎರಡನೆಯದೇ ಕಾಣುತ್ತಿದೆ. ಆದರೂ ನೀರಿನ ಪರೀಕ್ಷೆ ಬಿಡುವ ಹಾಗಿಲ್ಲ, ಏಕೆಂದರೆ ಕಿವಿರು ಕೆಟ್ಟ ಮೀನಿಗೆ ನೀರೂ ಕೈಕೊಟ್ಟರೆ ಉಳಿಗಾಲವಿಲ್ಲ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಹಿಡಿದುಕೊಂಡರೆ ಸಮುದ್ರದ ನೀರು 7ಕ್ಕೂ ಕಡಿಮೆ. ಬಿಸಿಲು ಏರಿದಷ್ಟೂ ಅದೂ ಇಳಿಯುತ್ತದೆ. ಒಂದು ಏರ್ ಸ್ಟೋನ್ ಈಗಲೇ ಹಾಕಿ. ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಇನ್ನು ಉಸಿರು. ಇದನ್ನು ಮಗಳಿಗೆ ವಹಿಸಿ. ಗಾಜಿಗೆ ಮುಖ ಅಂಟಿಸದೆ ನಾಲ್ಕಡಿ ದೂರ ಕೂತು, ಮೀನು ನಿಮ್ಮನ್ನು ಮರೆಯುವವರೆಗೆ ಕಾದು, ಕಿವಿರಿನ ಮುಚ್ಚಳ 15 ಸೆಕೆಂಡಿನಲ್ಲಿ ಎಷ್ಟು ಸಲ ತೆರೆಯುತ್ತದೆ ಎಂದು ಎಣಿಸಿ ನಾಲ್ಕರಿಂದ ಗುಣಿಸಲಿ. ಊಟ ಹಾಕಿದ ತಕ್ಷಣ ಬೇಡ, ಆಗ ಎಲ್ಲವಕ್ಕೂ ಉಸಿರು ಏರಿರುತ್ತದೆ. ಎಷ್ಟಿದ್ದರೆ ಸರಿ ಎಂಬ ಒಂದೇ ಅಂಕಿ ಎಲ್ಲ ಮೀನಿಗೂ ಹೊಂದುವುದಿಲ್ಲ. ನಿಮ್ಮ ಅನುಕೂಲ ಏನೆಂದರೆ ಪಕ್ಕದಲ್ಲೇ ಚಿಕ್ಕ ಕ್ಲೌನ್ ಇದೆ. ಅದೇ ಜಾತಿ, ಅದೇ ನೀರು. ಎರಡರ ನಡುವಿನ ಅಂತರ ನೋಡಿ, ಬೆಳಿಗ್ಗೆ ಸಂಜೆ ಬರೆದಿಡಿ. ಕಿವಿರು ಒಂದೇ ಕಡೆ ಅಲುಗುತ್ತಿದೆಯೇ, ಬಾಯಿ ತೆರೆದೇ ಇದೆಯೇ ಎಂಬುದನ್ನೂ ಗಮನಿಸಿ. ಮೀನು ಬದುಕುತ್ತಾ ಎಂದು ಕೇಳುವ ಮಗುವಿಗೆ ‘ಗೊತ್ತಿಲ್ಲ ಪುಟ್ಟಾ, ನೀನು ಎಣಿಸಿ ಹೇಳಿದರೆ ಗೊತ್ತಾಗುತ್ತೆ’ ಎಂದರೆ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಸುಮ್ಮನೆ ಹೆದರಿಸಿದ ಹಾಗೂ ಆಗುವುದಿಲ್ಲ.

ರಾತ್ರಿ ಟ್ಯಾಂಕಿನ ದೀಪ ಆರಿಸಿ ಅರ್ಧ ಗಂಟೆ ಬಿಟ್ಟು ಟಾರ್ಚ್ ಹಿಡಿಯಿರಿ. ಬೆಳಕು ಎದುರಿನಿಂದ ಬೇಡ, ಮೀನಿನ ಮೈಗೆ ಓರೆಯಾಗಿ, ಮೇಲಿನಿಂದ ಬೀಳಲಿ. ಈಗ ಕಾಣುವುದು ಏನು?

ಚಿರೋಟಿ ರವೆಯ ಕಣದಂತೆ ಬಿಡಿ ಬಿಡಿಯಾಗಿ, ಎಣಿಸಲು ಬರುವ, ತುಸು ಉಬ್ಬಿದ ಚುಕ್ಕೆಗಳಾದರೆ ಅದು ಮರೈನ್ ಇಕ್. ಇದನ್ನು ತರುವುದು ಕ್ರಿಪ್ಟೋಕ್ಯಾರಿಯನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ. ಎಣಿಸಲು ಬಾರದಷ್ಟು ನುಣುಪಾದ ಧೂಳು, ಓರೆ ಬೆಳಕಿನಲ್ಲಿ ಬೂದಿ ಅಥವಾ ಹೊಂಬಣ್ಣ ಮಿರುಗುತ್ತದೆ ಎಂದಾದರೆ ವೆಲ್ವೆಟ್, ಅಂದರೆ ಅಮೈಲೊಡಿನಿಯಮ್. ಇದು ಬಹುತೇಕ ಮೊದಲು ಕಿವಿರಿಗೇ ನುಗ್ಗುತ್ತದೆ. ಧೂಳು ಕಣ್ಣಿಗೆ ಬೀಳುವ ಮೊದಲೇ ಮೀನು ಊಟ ಬಿಟ್ಟು, ಬೆಳಕಿಗೆ ಬೆನ್ನು ಹಾಕಿ, ಪಂಪಿನ ಹರಿವಿಗೆ ಮುಖ ಕೊಟ್ಟು ನಿಂತುಬಿಡುತ್ತದೆ. ಒಂದೆರಡು ದಿನದಲ್ಲಿ ಟ್ಯಾಂಕ್ ಖಾಲಿ ಮಾಡಬಲ್ಲ ರೋಗ ಅದು. ಚುಕ್ಕೆಯೂ ಇಲ್ಲ, ಧೂಳೂ ಇಲ್ಲ, ಮೈಮೇಲೆ ತೇಪೆ ತೇಪೆಯಾಗಿ ಬೂದು ಲೋಳೆ ಕಟ್ಟಿ, ಸಿಪ್ಪೆಯಂತೆ ಸುಲಿದು ನೇತಾಡುತ್ತಿದ್ದರೆ ಬ್ರೂಕ್ಲಿನೆಲ್ಲಾ. ಕ್ಲೌನ್‌ಗಳಿಗೆ, ಅದರಲ್ಲೂ ಸಮುದ್ರದಿಂದ ಹಿಡಿದು ತಂದವಕ್ಕೆ, ಇದು ಬಹಳ ಅಂಟುತ್ತದೆ. ತಾಮ್ರಕ್ಕೆ ಬಗ್ಗುವುದಿಲ್ಲ. ಫಾರ್ಮಲಿನ್ ಬೇಕು, ಅದನ್ನು ಮಗು ಓಡಾಡುವ ಮನೆಯಲ್ಲಿ ತಿಳಿದವರ ನೆರವಿಲ್ಲದೆ ಮುಟ್ಟಬೇಡಿ.

ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂತಹ ಗಂಟು ಬಂದು ವಾರಗಟ್ಟಲೆ ಕದಲದೆ ಕೂತರೆ ಅದು ಲಿಂಫೋಸಿಸ್ಟಿಸ್, ವೈರಸ್ಸಿನದು. ಔಷಧವಿಲ್ಲ, ತಾನಾಗಿಯೇ ಹೋಗುತ್ತದೆ. ಇದಕ್ಕೆ ತಾಮ್ರ ಸುರಿದು ಮೀನು ಕೊಂದವರಿದ್ದಾರೆ. ಬರೀ ಮರಳಿನ ಕಣ, ಗಾಳಿಗುಳ್ಳೆ ಅಂಟಿಕೊಂಡು ಹೆದರಿಸುವುದೂ ಉಂಟು. ಅರ್ಧ ದಿನದ ಮೇಲೆ ನೋಡಿದರೆ ಅವು ಅದೇ ಜಾಗದಲ್ಲಿ ಇರುವುದಿಲ್ಲ.

ಟಾರ್ಚಿನಲ್ಲಿ ಏನು ಕಂಡೀತು ಎಂದು ನಾನು ಇಲ್ಲಿಂದ ಹೇಳಲಾರೆ. ಆದರೆ ನೀವೇ ಬರೆದ ದಿನಚರಿ ಮರೈನ್ ಇಕ್ ಕಡೆಗೇ ಬೆರಳು ತೋರಿಸುತ್ತದೆ. ಚುಕ್ಕೆ ಬಂತು, ಮೂರ್ನಾಲ್ಕು ದಿನಕ್ಕೆ ಹೋಯಿತು, ವಾರ ಬಿಟ್ಟು ಹತ್ತು ಪಟ್ಟಾಗಿ ಬಂತು. ಈ ಜೀವಿ ಬದುಕುವ ರೀತಿಯೇ ಹೀಗೆ. ಮೀನಿನ ಚರ್ಮದೊಳಗೆ ಹೊಕ್ಕು ಸುಮಾರು ಮೂರರಿಂದ ಏಳು ದಿನ ತಿಂದು ಕೊಬ್ಬುತ್ತದೆ. ನೀವು ಚುಕ್ಕೆ ಎನ್ನುವುದು ಅದನ್ನೇ. ಹೊಟ್ಟೆ ತುಂಬಿದ ಮೇಲೆ, ಹೆಚ್ಚಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ಕೆಳಗಿಳಿದು ಕಲ್ಲು, ಮರಳು, ಗಾಜು ಎಲ್ಲೆಂದರಲ್ಲಿ ಗಟ್ಟಿ ಕೋಶ ಕಟ್ಟಿಕೊಂಡು ಕೂರುತ್ತದೆ. ಆ ಕೋಶದೊಳಗೆ ಅದು ಒಡೆದು ಒಡೆದು ಇನ್ನೂರರವರೆಗೂ ಮರಿಗಳಾಗುತ್ತವೆ. ಕೆಲವು ಕೋಶ ಮೂರು ದಿನಕ್ಕೆ ಬಿರಿದರೆ ಕೆಲವು ನಾಲ್ಕು ವಾರ ಹಿಡಿಯುತ್ತವೆ. ಹೊರಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಸಮುದ್ರದಲ್ಲಿ ಬಹುಪಾಲು ಹಾಗೇ ಸಾಯುತ್ತವೆ. 250 ಲೀಟರಿನಲ್ಲಿ ಮೀನು ತಪ್ಪಿಸಿಕೊಂಡು ಹೋಗುವುದೆಲ್ಲಿಗೆ?

ಹೀಗಾಗಿ ಮೊದಲ ಸಲ ಚುಕ್ಕೆ ಮಾಯವಾದಾಗ ನಿಮ್ಮ ಮೀನು ವಾಸಿಯಾಗಿರಲಿಲ್ಲ, ರೋಗ ಮರಳಿಗೆ ಇಳಿದಿತ್ತು. ಬೆಳ್ಳುಳ್ಳಿಗೆ ಸಿಕ್ಕ ಕೀರ್ತಿ ಪುಕ್ಕಟೆಯದು. ಕ್ಲೀನರ್ ಸಿಗಡಿಯನ್ನೂ ಜನ ಹೀಗೇ ವೈದ್ಯನೆಂದು ನಂಬುತ್ತಾರೆ. ಚರ್ಮದೊಳಗೆ ಹುದುಗಿದ ಪರಾವಲಂಬಿಯನ್ನು ಕಿತ್ತು ವಾಸಿಮಾಡುವುದು ಅದರ ಕೈಲಾಗದ ಕೆಲಸ.

ಹಾಗಾದರೆ ಚುಕ್ಕೆಯೇ ಇಲ್ಲದ ಕ್ಲೌನ್ ಯಾಕೆ ಏದುತ್ತಿದೆ? ಕ್ಲೌನ್‌ಗಳ ಮೈಮೇಲೆ ಲೋಳೆ ದಪ್ಪ, ಹೊರಗೆ ಚುಕ್ಕೆ ಬೇಗ ಕಾಣಿಸುವುದಿಲ್ಲ. ಕಿವಿರಿನ ಎಳೆಗಳಿಗೆ ಆ ರಕ್ಷಣೆ ಅಷ್ಟಿಲ್ಲ, ಇಕ್ ಅಲ್ಲೂ ಮನೆ ಮಾಡುತ್ತದೆ. ಉಪ್ಪುನೀರಿನ ಮೀನಿಗೆ ಕಿವಿರು ಹಾಳಾದರೆ ಉಸಿರೊಂದೇ ತೊಂದರೆಯಲ್ಲ. ಸಮುದ್ರದ ನೀರು ಅದರ ಮೈಯ ದ್ರವಕ್ಕಿಂತ ಉಪ್ಪಾಗಿರುವುದರಿಂದ ಮೈಯೊಳಗಿನ ನೀರು ಸದಾ ಹೊರಕ್ಕೆ ಜಾರುತ್ತಿರುತ್ತದೆ. ಮೀನು ಸಮುದ್ರದ ನೀರು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದಲೇ ಹೊರದಬ್ಬಿ ಬದುಕುತ್ತದೆ. ಕಿವಿರು, ಚರ್ಮ ಎರಡೂ ತೂತಾದರೆ ನೀರಿನೊಳಗಿದ್ದೇ ಮೈ ಒಣಗುತ್ತದೆ.

ನನಗಿರುವ ಒಂದೇ ಅನುಮಾನ ವೆಲ್ವೆಟ್. ನಿಮ್ಮ ಟ್ಯಾಂಗ್ ಚುಕ್ಕೆ ಹೊತ್ತು ಇಷ್ಟು ದಿನ ಓಡಾಡಿಕೊಂಡಿದೆ, ವೆಲ್ವೆಟ್ ಅಷ್ಟು ಕಾಲಾವಕಾಶ ಕೊಡುವುದು ಅಪರೂಪ. ಆದರೆ ಎರಡೂ ಒಟ್ಟಿಗೆ ಬರಬಾರದು ಎಂದೇನಿಲ್ಲ. ದೊಡ್ಡ ಕ್ಲೌನ್ ನಾಳೆ ಊಟ ಮುಟ್ಟದಿದ್ದರೆ, ಹರಿವಿನ ಮುಂದೆಯೇ ಅಂಟಿಕೊಂಡರೆ, ಓರೆ ಬೆಳಕಿನಲ್ಲಿ ಧೂಳು ಮಿರುಗಿದರೆ ಭಾನುವಾರಕ್ಕೆ ಕಾಯಬೇಡಿ, ಅವತ್ತೇ ಚಿಕಿತ್ಸೆಗೆ ಇಳಿಯಿರಿ. ಊಟ ಮಾಡುತ್ತಿದ್ದರೆ ನಿಮಗೆ ಒಂದೆರಡು ದಿನದ ಬಿಡುವಿದೆ.

ಟ್ಯಾಂಗ್ ಮಗ್ಗುಲಾಗಿ ಮಲಗುವುದಕ್ಕೆ ಅಷ್ಟು ಗಾಬರಿ ಬೇಡ. ಬ್ಲೂ ಟ್ಯಾಂಗ್ ಹೆದರಿದಾಗ, ನಿದ್ದೆ ಮಾಡುವಾಗ ಸಂದಿಗೆ ನುಗ್ಗಿ ಸತ್ತ ಹಾಗೆ ಬಿದ್ದುಕೊಳ್ಳುತ್ತದೆ, ಅದರ ಜಾತಿಗುಣ. ಕೈ ಹತ್ತಿರ ತಂದರೆ ಎದ್ದು ಓಡುತ್ತದೆಯೇ ನೋಡಿ. ಮೈ ಉಜ್ಜಿಕೊಳ್ಳುವುದು ಮಾತ್ರ ನಿಜವಾದ ತುರಿಕೆಯ ಲಕ್ಷಣ.

ಇನ್ನೂ ಖಚಿತವಾಗಬೇಕೆಂದರೆ ಸೂಕ್ಷ್ಮದರ್ಶಕ. ಪರಿಚಯದ ಜೀವಶಾಸ್ತ್ರದ ಮೇಷ್ಟ್ರು ಯಾರಾದರೂ ಇದ್ದರೆ ಕಾಲೇಜಿನದೇ ಸಾಕು. ಒದ್ದೆ ಕೈಯಲ್ಲಿ ಮೀನು ಹಿಡಿದು, ಚುಕ್ಕೆ ಇರುವಲ್ಲಿ ತಲೆಯಿಂದ ಬಾಲದ ಕಡೆಗೆ ಕವರ್‌ಸ್ಲಿಪ್ಪಿನ ಅಂಚಿನಿಂದ ಮೆಲ್ಲಗೆ ಲೋಳೆ ತೆಗೆದು, ಟ್ಯಾಂಕಿನದೇ ಒಂದು ಹನಿ ನೀರಿನಲ್ಲಿ ಕೂಡಲೇ ನೋಡಬೇಕು. 100 ಪಟ್ಟು ಹಿಗ್ಗಿಸಿದರೆ ಸಾಕು. ದೊಡ್ಡದಾಗಿ, ಕಪ್ಪಗೆ, ದುಂಡಗೆ ನಿಧಾನವಾಗಿ ಉರುಳುತ್ತಿರುವುದು ಇಕ್. ಕಂದು ಬಣ್ಣದ, ಅಲುಗಾಡದೆ ಅಂಟಿ ಕೂತ ಮೊಟ್ಟೆಯಾಕಾರ ವೆಲ್ವೆಟ್. ಚಿಕ್ಕದಾಗಿ, ಮೂತ್ರಪಿಂಡದ ಆಕಾರದಲ್ಲಿ ಸರಸರ ಓಡಾಡುವುದು ಬ್ರೂಕ್ಲಿನೆಲ್ಲಾ. ಮೀನು ಸತ್ತು ಗಂಟೆಗಟ್ಟಲೆ ಆದ ಮೇಲೆ ನೋಡಿದರೆ ಏನೂ ಸಿಗದು, ಪರಾವಲಂಬಿಗಳು ಜಾಗ ಖಾಲಿ ಮಾಡಿರುತ್ತವೆ. ದುರದೃಷ್ಟಕ್ಕೆ ಒಂದು ಮೀನು ಹೋದರೆ ಅದನ್ನು ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗುತ್ತದೆ. ಚೀಲದಲ್ಲಿ ಕಟ್ಟಿ ಐಸ್ ಮೇಲೆ ಇಡಿ. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಮಹಾವಿದ್ಯಾಲಯದಲ್ಲಿ ಜಲಜೀವಿಗಳ ಆರೋಗ್ಯವನ್ನೇ ಪಾಠ ಮಾಡುವವರಿದ್ದಾರೆ. ಅವರನ್ನು ವಿಚಾರಿಸಿ ನೋಡಬಹುದು. ಮೀನು ಕಳಿಸುವ ಮೊದಲು ಫೋನ್ ಮಾಡಿ ಕೇಳಿ.

ಈಗ ಚಿಕಿತ್ಸೆ. ಮೂರೂ ಮೀನುಗಳನ್ನು, ಚುಕ್ಕೆ ಇಲ್ಲದ ಚಿಕ್ಕ ಕ್ಲೌನ್ ಸಮೇತ, ಹೊರಗೆ ತೆಗೆಯಬೇಕು. ಕಲ್ಲುಗಳನ್ನು ಎತ್ತಿಡದೆ ಟ್ಯಾಂಗ್ ಕೈಗೆ ಸಿಗುವುದಿಲ್ಲ, ಒಂದು ಸಂಜೆ ಇದಕ್ಕೇ ಹೋಗುತ್ತದೆ ಎಂದಿಟ್ಟುಕೊಳ್ಳಿ. ನೂರು ಲೀಟರಿನ ಪ್ಲಾಸ್ಟಿಕ್ ಟಬ್, ಸ್ಪಂಜ್ ಫಿಲ್ಟರ್, ಹೀಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು, ಮೇಲೆ ಜಾಲರಿ. ಮರಳು ಬೇಡ, ಕಲ್ಲು ಬೇಡ. ಹೊಸ ಟಬ್ಬಿನಲ್ಲಿ ಅಮೋನಿಯ ಏರುವುದು ಖಂಡಿತ, ದಿನಾ ಪರೀಕ್ಷಿಸಿ ನೀರು ಬದಲಿಸಿ. ಅಮೋನಿಯ ಕಟ್ಟಿಹಾಕುವ ದ್ರವವನ್ನು ತಾಮ್ರದ ಜೊತೆ ಮಾತ್ರ ಸೇರಿಸಬೇಡಿ, ಅಂಥ ಕೆಲವು ದ್ರವಗಳಿಂದ ತಾಮ್ರ ಇನ್ನೂ ಹೆಚ್ಚು ವಿಷವಾಗುತ್ತದೆ.

ನನ್ನ ಮತ ತಾಮ್ರಕ್ಕೆ. ಇಕ್ ಮತ್ತು ವೆಲ್ವೆಟ್ ಎರಡಕ್ಕೂ ಅದು ನಾಟುತ್ತದೆ, ನನ್ನ ಅನುಮಾನವೂ ಅಲ್ಲಿಗೆ ತೀರುತ್ತದೆ. ಆದರೆ ಹೆಸರಿಲ್ಲದ ಬಾಟಲಿಯಿಂದ ಹತ್ತು ಹನಿ ಎಂಬ ಲೆಕ್ಕದಲ್ಲಿ ಕೊಡುವ ಔಷಧವಲ್ಲ ಅದು. ಅಯಾನಿಕ್ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಚೀಲೇಟೆಡ್ ತಾಮ್ರದಲ್ಲಿ ಕೆಲವು ಬ್ರ್ಯಾಂಡಿನದು 2ರಿಂದ 2.5 ಮಿಲಿಗ್ರಾಂ. ಒಂದಕ್ಕೊಂದು ಹತ್ತು ಪಟ್ಟಿಗೂ ಮಿಕ್ಕ ಅಂತರ! ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಒಂದೋ ರೋಗ ಉಳಿಯುತ್ತದೆ, ಇಲ್ಲವೇ ಮೀನು ಸಾಯುತ್ತದೆ. ಲೇಬಲ್ ಇರುವ ಔಷಧ, ಅದಕ್ಕೆ ಹೊಂದುವ ಟೆಸ್ಟ್ ಕಿಟ್, ಎರಡನ್ನೂ ಒಟ್ಟಿಗೇ ಕೊಳ್ಳಿ. ಎರಡು ಮೂರು ದಿನದಲ್ಲಿ ಮೆಲ್ಲಗೆ ಮಟ್ಟ ಏರಿಸಿ, 30 ದಿನ ಇಳಿಯದಂತೆ ನೋಡಿಕೊಳ್ಳಿ. ಮಧ್ಯೆ ಒಂದು ದಿನ ಇಳಿದರೆ ಎಣಿಕೆ ಮತ್ತೆ ಒಂದರಿಂದ. ಚುಕ್ಕೆ ವಾರದಲ್ಲೇ ಹೋಗುತ್ತದೆ, ಆಗ ನಿಲ್ಲಿಸುವ ಆಸೆಯಾಗುತ್ತದೆ. ಚರ್ಮದೊಳಗಿರುವ ಜೀವಿಗೆ, ಕೋಶದೊಳಗಿರುವ ಜೀವಿಗೆ ತಾಮ್ರ ತಾಗುವುದಿಲ್ಲ; ಈಜಾಡುವ ಮರಿಯನ್ನಷ್ಟೇ ಅದು ಕೊಲ್ಲುತ್ತದೆ. ಅಷ್ಟು ದಿನ ಬೇಕಾಗುವುದು ಅದಕ್ಕೇ.

ಟೆಸ್ಟ್ ಕಿಟ್ ಸಿಗಲೇ ಇಲ್ಲ, ವೆಲ್ವೆಟ್ಟಿನ ಲಕ್ಷಣವೂ ಇಲ್ಲ ಎಂದಾದರೆ ಟಬ್ಬಿನ ಉಪ್ಪನ್ನು ಎರಡು ದಿನದಲ್ಲಿ 1.009ಕ್ಕೆ ಇಳಿಸಿ ಅಲ್ಲೇ 30 ದಿನ ನಿಲ್ಲಿಸಬಹುದು. ಇಕ್ ಇದನ್ನು ತಡೆಯಲಾರದು, ಮೀನು ತಡೆಯುತ್ತದೆ. ಮೈಯ ನೀರು ಹೊರಗೆ ಜಾರುವುದೂ ನಿಲ್ಲುವುದರಿಂದ ಅದಕ್ಕೆ ಒಂದಿಷ್ಟು ಸುಖವೇ. ಅಮ್ಮನವರಿಗೆ ಹೇಳಿದರೆ ನಗಬಹುದು. ಮುಳ್ಳಿನ ಹೈಡ್ರೋಮೀಟರ್ ನಂಬಿ ಇದನ್ನು ಮಾಡಬೇಡಿ, 1.011ರಲ್ಲಿ ನಿಂತರೆ ಕೆಲಸವಾಗದು. ಪಿಎಚ್ ಬೀಳುತ್ತದೆ, ಅದನ್ನೂ ಕಾಯಬೇಕು. ಉಪ್ಪನ್ನು ಮತ್ತೆ ಏರಿಸುವಾಗ ಒಂದು ವಾರ ತೆಗೆದುಕೊಳ್ಳಿ.

ಅತ್ತ ದೊಡ್ಡ ಟ್ಯಾಂಕಿನಲ್ಲಿ ಸಿಗಡಿ, ಹವಳ ಹಾಗೇ ಇರಲಿ. ಮೀನು ಮಾತ್ರ ಒಂದೂ ಇರಬಾರದು. ತಂಪು ನೀರಿನಲ್ಲಿ ಕೋಶವೊಂದು 72 ದಿನದವರೆಗೆ ಜೀವ ಹಿಡಿದದ್ದು ದಾಖಲಾಗಿದೆ, ಹವ್ಯಾಸಿಗಳು 76 ದಿನ ಖಾಲಿ ಬಿಡುವುದು ಆ ಲೆಕ್ಕದಿಂದ. 27 ಡಿಗ್ರಿಯಲ್ಲಿ ಇದಕ್ಕಿಂತ ಬೇಗ ಮುಗಿಯುತ್ತದೆಂದು ಆರು ವಾರಕ್ಕೇ ಮೀನು ಬಿಡುವವರಿದ್ದಾರೆ. ನಾನಾದರೆ 76ನ್ನೇ ಹಿಡಿಯುತ್ತೇನೆ. ಟಬ್ಬಿನ ಬಲೆ, ಬಕೆಟ್, ಒದ್ದೆ ಕೈ ಯಾವುದೂ ಟ್ಯಾಂಕಿಗೆ ತಾಗಬಾರದು. ಒಂದು ಹನಿ ನೀರು ಸಾಕು, ಎಲ್ಲ ಮೊದಲಿನಿಂದ. ಹಾಂ, ಖಾಲಿ ಕಂಡಿತೆಂದು ಕಲ್ಲುಹವಳವನ್ನೋ ಸಮುದ್ರಕುದುರೆಯನ್ನೋ ತರಲು ಹೊರಡಬೇಡಿ. ಎರಡಕ್ಕೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅಂಗಡಿಯಲ್ಲಿ ಕಂಡರೂ.

ಕೊನೆಗೆ ಟ್ಯಾಂಗ್ ಬಗ್ಗೆ. ಮಾರಾಟಕ್ಕೆ ಬರುವ ಬ್ಲೂ ಟ್ಯಾಂಗ್‌ಗಳಲ್ಲಿ ಬಹುತೇಕ ಎಲ್ಲವೂ ಸಮುದ್ರದಿಂದ ಹಿಡಿದವು; ಸಾಕಿದ ಮೀನಿನಿಂದ ಮೊದಲ ಸಲ ಮರಿ ಬೆಳೆಸಿದ್ದೇ 2016ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ. ದೂರದ ಪ್ರಯಾಣ, ಅಂಗಡಿಯ ಕಿಕ್ಕಿರಿದ ತೊಟ್ಟಿ, ಇವನ್ನೆಲ್ಲ ದಾಟಿ ಬರುವ ಈ ಮೀನಿಗೆ ಇಕ್ ಬೇಗ ಅಂಟುತ್ತದೆ. ಇನ್ನು ಮುಂದೆ ಯಾವ ಮೀನು ತಂದರೂ ಈಗ ಕೊಳ್ಳುವ ಇದೇ ಟಬ್ಬಿನಲ್ಲಿ ಒಂದು ತಿಂಗಳು ಇಟ್ಟು ನೋಡಿ. ನಿಮ್ಮದು ಈಗ ಅಂಗೈಯಗಲವಿದ್ದೀತು, ಬೆಳೆದರೆ ಒಂದಡಿ. 250 ಲೀಟರು ಅದಕ್ಕೆ ಸಾಲುವುದಿಲ್ಲ, ಇಕ್ಕಟ್ಟಿನಲ್ಲಿ ಬಳಲಿ ಮತ್ತೆ ಮತ್ತೆ ರೋಗಕ್ಕೆ ಬೀಳುತ್ತದೆ. ವಾಸಿಯಾದ ಮೇಲೆ ದೊಡ್ಡ ಟ್ಯಾಂಕ್ ಇರುವ ಯಾರಿಗಾದರೂ ಕೊಟ್ಟುಬಿಡಿ. ಚಿಕಿತ್ಸೆ ಮುಗಿಯಲು ತಿಂಗಳಾದರೂ ಬೇಕು. ಮಗಳ ಹತ್ತಿರ ಈ ಮಾತನ್ನು ಇವತ್ತೇ ಎತ್ತಿ. ಯಾರ ಮನೆಗೆ ಕೊಡಬೇಕು, ಅವರ ಟ್ಯಾಂಕ್ ಎಷ್ಟು ದೊಡ್ಡದಿದೆ ಎಂದು ಅವಳೂ ಬಂದು ನೋಡಲಿ.